ಹಾಲು ಉಕ್ಕಿಸಿದ ಮನೆ

ನಮ್ಮಪ್ಪನ ಹೆಸರಿನಲ್ಲಿ ಕಡಲ ದಂಡೆಯ ಮೇಲೆ ಒಂದು ಬಂಗಲೆ ಇತ್ತು. ಕುಂದಾಪುರ ದಾಟಿದ ಮೇಲೆ, ತೆಂಗಿನ ತೋಪಿನ ನಡುವೆ, ಎದುರಿಗೆ ಬರೀ ಸಮುದ್ರ. ಅಪ್ಪ ಅದರ ಹಿಂದಿನ ಅಡುಗೆಮನೆಯಲ್ಲಿ ನಿಂತು ರಾಗಿಮುದ್ದೆಯ ಹಿಟ್ಟು ತೊಳಸಿದ್ದು ಬಿಟ್ಟರೆ ಅಲ್ಲಿನ ಒಂದು ಕುರ್ಚಿಯ ಮೇಲೂ ಕೂತವನಲ್ಲ. ನಾನಂತೂ ಅದನ್ನು ಕಣ್ಣಾರೆ ನೋಡಿಯೇ ಇಲ್ಲ. ಆ ಮನೆ ನಮ್ಮ ಮನೆಯನ್ನು ಹೇಗೆ ನುಂಗಿತು ಅಂತ ಸಿಕ್ಕಿದವರಿಗೆಲ್ಲ ಹೇಳಿ ಸಾಕಾಗಿದೆ. ಅವರಿಗೆ ಬೇಕಾದದ್ದು ಅಮೃತಶಿಲೆ, ಈಜುಕೊಳ, ಲಿಫ್ಟಿನ ಕಥೆ. ಒಂದು ಸಲ ಸರಿಯಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಅಪ್ಪ ಅಡುಗೆಯವನು. ನಮ್ಮೂರು ಮದ್ದೂರು ತಾಲ್ಲೂಕಿನ ಶಿಂಷಾ ನದಿಯ ಬದಿಯದು. ಕೊಕ್ಕರೆ ಬೆಳ್ಳೂರಿನಿಂದ ಹಿಡಿದು ಮಳವಳ್ಳಿಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಬೀಗರೂಟಕ್ಕೆ ಅಪ್ಪನೇ ಬೇಕಾಗಿತ್ತು. ಮದುವೆಯ ದಿನದ ಪಾಯಸ ಯಾರು ಕಾಸಿದರೂ ನಡೆಯುತ್ತದೆ. ಆಮೇಲೆ ಬೀಗರಿಗೆ ಹಾಕುವ ಬಾಡೂಟ ಕೆಟ್ಟರೆ ಮಾತ್ರ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಂಥ ಒಂದು ಬೀಗರೂಟದಲ್ಲಿ ಸಾಹೇಬರು ಅಪ್ಪನ ಕೈರುಚಿ ನೋಡಿದರು. ಸಾಹೇಬರ ಹೆಸರು ಬೇಡ. ಗೆದ್ದಾಗಲೂ ಸೋತಾಗಲೂ ನಮ್ಮ ಕಡೆಯವರಿಗೆ ಅವರು ಸಾಹೇಬರೇ. ಒಂದಷ್ಟು ಕಾಲ ಮಂತ್ರಿಯೂ ಆಗಿದ್ದರು. ಎಲೆಯ ಮುಂದೆ ಕೂತಲ್ಲಿಗೇ ಅಪ್ಪನನ್ನು ಕರೆಸಿ, “ನಾಳಿಂದ ನನ್ ಜೊತೆ ಬಂದ್ಬುಡ್ಲಾ” ಅಂದರಂತೆ. ಅಪ್ಪ ಸೌಟು ತೊಳೆದಿಟ್ಟು ಹೊರಟೇ ಹೋದ.

ಆಮೇಲೆ ಸಾಹೇಬರು ಎಲ್ಲಿದ್ದರೆ ಅಪ್ಪನೂ ಅಲ್ಲಿ. ಬೆಂಗಳೂರಿನ ಸರ್ಕಾರಿ ಬಂಗಲೆಯಲ್ಲಿ, ಚುನಾವಣೆ ಬಂದರೆ ಹಳ್ಳಿಹಳ್ಳಿಯ ತೋಟದ ಮನೆಗಳಲ್ಲಿ. ಬೇರೆಯವರು ಮಾಡಿದ ಹಿಟ್ಟು ಸಾಹೇಬರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಪ್ಪನಿಗೆ ಅದೇ ದೊಡ್ಡ ಬಿರುದು. “ಅವ್ರ ಉಪ್ಪಿನ್ ಋಣ ಕಣವ್ವ” ಅನ್ನುತ್ತಿದ್ದ. “ಉಪ್ಪು ಆಕ್ತಿರೋನು ನೀನು, ತಿಂತಿರೋರು ಅವ್ರು, ಋಣ ಎಂಗಪ್ಪ ನಿಂದಾಯ್ತು?” ಅಂತ ನಾನು ಒಮ್ಮೆ ಕೇಳಿದ್ದೆ. ನಾನು ಮಂಡ್ಯದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು, ನಾಲಿಗೆ ಸ್ವಲ್ಪ ಉದ್ದ. ಅಪ್ಪ ನಕ್ಕು, “ಟೀಚರಮ್ಮ ಸುರು ಅಚ್ಕಂಡ್ಳು” ಅಂದು ಎದ್ದು ಹೋದ.

ಬಂಗಲೆ ಅಪ್ಪನ ಹೆಸರಿಗೆ ಬಂದ ಸಂಗತಿ ನಮಗೆ ತಿಳಿದದ್ದು ಊಟದ ಹೊತ್ತಿನಲ್ಲಿ. “ಸಾಯೇಬ್ರು ಸಮುದ್ರದ ತಾವ ಮನೆ ಕಟ್ಟಿಸ್ತಾವ್ರೆ. ನನ್ದೊಂದ್ ಸೈನ್ ಬೇಕಿತ್ತಂತೆ, ಆಕ್‌ಬಂದೆ” ಅಂದ, ಗದ್ದೆಗೆ ನೀರು ತಿರುಗಿಸಿ ಬಂದವನ ಹಾಗೆ. ನಾನು ತಟ್ಟೆ ಬಿಟ್ಟು ಎದ್ದೆ. ಇದು ಕಾನೂನಿಗೆ ವಿರುದ್ಧ, ನಾಳೆ ಏನಾದರೂ ಆದರೆ ಜೈಲಿಗೆ ಹೋಗುವವನು ನೀನೇ, ಅವರಲ್ಲ ಅಂತ ಕೂಗಾಡಿದೆ. ಅಪ್ಪ ಅಷ್ಟೂ ಕೇಳಿಸಿಕೊಂಡು ಸಾಹೇಬರ ಮಾತನ್ನೇ ಒಪ್ಪಿಸಿದ: “ನಾನ್ ಏಳೋಗಂಟ ಯಾರ್ಗೂ ಬರ್ಕೊಡ್ಬ್ಯಾಡ, ನಾನ್ ಏಳ್ದಾಗ ಬರ್ಕೊಡು ಅಂದವ್ರೆ. ಅಷ್ಟೇಯ. ಅದ್ಕ್ಯಾಕಿಷ್ಟ್ ಆರಾಡ್ತೀಯೆ?”

ಗೃಹಪ್ರವೇಶಕ್ಕೆ ಅವ್ವನನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಕರೆದದ್ದು ಪ್ರೀತಿಯಿಂದ ಅಲ್ಲ. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಪೂಜೆಗೆ ಕೂತರೆ ಫೋಟೋದಲ್ಲೂ ವಿಡಿಯೋದಲ್ಲೂ ಸರಿಯಾಗಿ ಕಾಣುತ್ತದೆ ಅಂತ ಯಾರೋ ವಕೀಲರು ಹೇಳಿಕೊಟ್ಟಿದ್ದರು. ಹಾಗಾಗಿ ಪುರೋಹಿತರ ಮುಂದೆ ಮಣೆಯ ಮೇಲೆ ಅಪ್ಪ ಅವ್ವ ಕೂತರು, ಸಾಹೇಬರ ಸಂಸಾರ ನೆಂಟರ ಹಾಗೆ ಹಿಂದೆ ಕೂತಿತು. ಅವ್ವ ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರು ಅಂದರೆ ಶಿವನಸಮುದ್ರದ್ದು. ಅಲ್ಲಿ ನೀರು ಬಿದ್ದು ಎಲ್ಲಿಗೋ ಹೋಗುತ್ತದೆ, ಇದು ಬಂದು ಬಂದು ಅಲ್ಲೇ ಒದ್ದಾಡುತ್ತದೆ ಅಂತ ಆಮೇಲೆ ನನಗೆ ಹೇಳಿದಳು.

ಹಾಲು ಉಕ್ಕಿಸುವ ಹೊತ್ತಿಗೆ ತಕರಾರು ಶುರುವಾಯಿತು. ಆ ಅಡುಗೆಮನೆಯಲ್ಲಿ ಗಾಜಿನ ಹಲಗೆಯಂಥ ಕರೆಂಟಿನ ಒಲೆ ಇತ್ತು, ಬೆಂಕಿಯೇ ಇರಲಿಲ್ಲ. ಬೆಂಕಿಯಿಲ್ಲದೆ ಹಾಲು ಹೇಗೆ ಉಕ್ಕಿಸಲಿ ಅಂತ ಅವ್ವ ಪಟ್ಟು ಹಿಡಿದಳು. ಯಾರು ಏನು ಹೇಳಿದರೂ ಕೇಳದೆ ಹಿತ್ತಿಲಿಗೆ ಹೋಗಿ, ಗಾರೆಯವರು ಬಿಟ್ಟು ಹೋಗಿದ್ದ ಇಟ್ಟಿಗೆ ಮೂರು ತಂದು, ಬೆಳ್ಳಗಿನ ಅಮೃತಶಿಲೆಯ ನೆಲದ ಮೇಲೆ ಇಟ್ಟು, ತೆಂಗಿನ ಗರಿ ಹಚ್ಚಿದಳು. ಸಾಹೇಬರ ಹೆಂಡತಿಗೆ ಮೈಯೆಲ್ಲ ಉರಿಯಿತಂತೆ. ಸಾಹೇಬರು ಮಾತ್ರ ನಕ್ಕು, “ಬುಡು, ಅವಳ್ ಮನೆ, ಅವಳ್ ಒಲೆ” ಅಂದರು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಹಾಲು ಮೇಲೆ ಬಂದು ಪೂರ್ವಕ್ಕೆ ಚೆಲ್ಲಿತು. ಚೆಲ್ಲುವಾಗ ನಮ್ಮ ಕಡೆ ಹೆಂಗಸರು ಹೇಳುವ ಹಾಗೆ ಅವ್ವ ಬೆಂಕಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದಳು: “ಈ ಮನೆ ನಮ್ಮನೆ, ಇಂಗೇ ತುಂಬಿ ಉಕ್ಲಿ.”

ಸಂಜೆ ದೊಡ್ಡ ದೊಡ್ಡ ಜನ ಬಂದರು. ಹಾಲು ಉಕ್ಕಿಸಿದ ಹೆಂಗಸು ಆ ದಿನ ಅದೇ ಮನೆಯಲ್ಲಿ ಮಲಗಬೇಕು ಅನ್ನುವುದು ನಮ್ಮಲ್ಲಿನ ಪದ್ಧತಿ. ಆದರೆ ಸಾಹೇಬರ ಕಡೆಯವರು ಅಪ್ಪ ಅವ್ವ ಇಬ್ಬರಿಗೂ ಕಾವಲುಗಾರನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟರು. ಅವ್ವ ಊರಿಗೆ ಬಂದ ಮೇಲೂ ಅದನ್ನೇ ಕೊರಗಿದಳು. ಅವಮಾನವಾಯಿತು ಅಂತಲ್ಲ, ಒಲೆ ಹಚ್ಚಿ ಬಿಟ್ಟು ಬಂದೆನಲ್ಲ ಅಂತ. ಆವತ್ತಿನಿಂದ ಶುಕ್ರವಾರ ನಮ್ಮ ನಡುಮನೆಯಲ್ಲಿ ದೀಪ ಹಚ್ಚುವಾಗ ಪಕ್ಕದಲ್ಲಿ ಇನ್ನೊಂದು ಸಣ್ಣ ಹಣತೆ ಹಚ್ಚುತ್ತಿದ್ದಳು, ಆ ಮನೆಗೆ ಅಂತ. ನನಗೆ ರೇಗುತ್ತಿತ್ತು. “ಅವರ ಪಾಪಕ್ಕೆ ನೀನ್ಯಾಕೆ ಎಣ್ಣೆ ಹಾಕ್ತೀಯವ್ವ?” ಅಂದರೆ, “ಮನೆಗೇನ್ ಪಾಪ ಅದೆ?” ಅನ್ನುತ್ತಿದ್ದಳು.

ಸಾಹೇಬರು ಒಂದು ಬೆಳಿಗ್ಗೆ ವಾಕಿಂಗ್ ಹೋದವರು ಹಾಗೇ ಕುಸಿದು ತೀರಿಕೊಂಡರು. ಅಪ್ಪನಿಗೆ ಯಾವ ಮಾತನ್ನೂ ಹೇಳಿ ಹೋಗಲಿಲ್ಲ. ಬಂಗಲೆಯನ್ನು ಯಾರಿಗೆ ಬರೆದುಕೊಡು ಅಂತ ಹೇಳಬೇಕಾದ ಬಾಯಿ ಮುಚ್ಚಿಹೋಯಿತು. ಅಪ್ಪ ಸತ್ತವರ ಅಪ್ಪಣೆಗೆ ಕಾಯುತ್ತಾ ಕೂತ.

ಸಾಹೇಬರ ಮಗ ತನ್ನ ತಂದೆಯ ಪಕ್ಷದಲ್ಲೇ ಉಳಿದ. ಅಳಿಯ ಎದುರು ಪಕ್ಷಕ್ಕೆ ಹಾರಿದ. ಇಬ್ಬರಿಗೂ ಒಂದೇ ಕ್ಷೇತ್ರ ಬೇಕು, ಇಬ್ಬರಿಗೂ ಒಂದೇ ಬಂಗಲೆ ಬೇಕು. ಪತ್ರಿಕೆಯವರ ಮುಂದೆ ಮಾತ್ರ ಇಬ್ಬರೂ, ಅಂಥ ಮನೆಯೇ ನಮಗೆ ಗೊತ್ತಿಲ್ಲ, ಅದು ಎದುರಿನವರ ಬೇನಾಮಿ ಅನ್ನುತ್ತಿದ್ದರು. ಹೊತ್ತು ಮುಳುಗುವಾಗ ಇಬ್ಬರ ಕಡೆಯವರೂ ಬೇರೆ ಬೇರೆ ಕಾರಿನಲ್ಲಿ ನಮ್ಮ ಹಟ್ಟಿಗೆ ಬಂದು, “ನಮಗೆ ಬರೆದುಕೊಡು” ಅಂತ ಅಪ್ಪನನ್ನು ಹಿಂಡುತ್ತಿದ್ದರು. ಮೊದಲು ನಯವಾಗಿ, ಆಮೇಲೆ ಹೆದರಿಸಿ. ಅಪ್ಪನದು ಒಂದೇ ಉತ್ತರ. “ಸಾಯೇಬ್ರು ಏಳಿಲ್ಲ.” ಈ ಮಾತು ಕೇಳಿ ನಮ್ಮೂರಿನ ಹುಡುಗರು ಕೂಡ ನಗುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಇಬ್ಬರ ಜಗಳದಲ್ಲಿ ಒಬ್ಬ ಇನ್ನೊಬ್ಬನ ಮೇಲೆ ದೂರು ಕೊಟ್ಟ. ಬೆಂಗಳೂರಿನಿಂದ ತನಿಖೆಯವರು ಹೊರಟರು, ಅವರ ಹಿಂದೆ ಟೀವಿಯವರು ಹೊರಟರು. ಆ ಬಂಗಲೆಯನ್ನು ನಾನು ಮೊದಲು ನೋಡಿದ್ದು ಆಗಲೇ, ಸ್ಟಾಫ್ ರೂಮಿನಲ್ಲಿ, ಪಕ್ಕದ ಟೀಚರ್ ಮೊಬೈಲಿನಲ್ಲಿ. ಆಕಾಶದಿಂದ ತೆಗೆದ ಚಿತ್ರ. ನೀಲಿ ಕೊಳ, ಅದರಾಚೆ ಇನ್ನೂ ನೀಲಿಯಾದ ಸಮುದ್ರ, ಗಾಜಿನ ಗೋಡೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಅಡುಗೆ ಭಟ್ಟನ ಅರಮನೆ’ ಅಂತ ಓಡುತ್ತಿತ್ತು. ಪಕ್ಕದ ಟೀಚರ್ ಮೊಬೈಲನ್ನು ಮೆಲ್ಲಗೆ ಮಗುಚಿಟ್ಟರು. ಆ ದಿನ ಹತ್ತನೇ ತರಗತಿಯಲ್ಲಿ ಪ್ರಜಾಪ್ರಭುತ್ವದ ಪಾಠ ಇತ್ತು. ಬೋರ್ಡಿನ ಮೇಲೆ ನಾನು ಹೋಗುವ ಮೊದಲೇ ಯಾರೋ ಒಂದು ಬಂಗಲೆ, ಒಂದು ತೆಂಗಿನ ಮರ, ಎರಡು ಅಲೆ ಬರೆದಿದ್ದರು. ಅಳಿಸಿ ಪಾಠ ಮಾಡಿದೆ.

ಸಂಜೆ ಶಾಲೆಯಿಂದ ನೇರ ಊರಿಗೆ ಹೋದರೆ ಅವ್ವ ಟೀವಿಯ ಮುಂದೆ ಕೂತಿದ್ದಳು. ಕ್ಯಾಮೆರಾ ಅಡುಗೆಮನೆಯೊಳಗೆ ಹೋಯಿತು. ಬಿಳಿಯ ನೆಲದಲ್ಲಿ ಒಂದು ಕರೀ ಕಲೆ. ವರದಿಗಾರ ಬಗ್ಗಿ ಅದರ ಮೇಲೆ ಬೆರಳಾಡಿಸಿ, ಇಲ್ಲಿ ಮಹತ್ವದ ದಾಖಲೆಗಳನ್ನು ಸುಟ್ಟಿರುವ ಶಂಕೆ ಇದೆ ಅಂತ ಉಸಿರುಗಟ್ಟಿ ಹೇಳುತ್ತಿದ್ದ. ಅವ್ವ ನನ್ನ ಕೈ ಹಿಡಿದು ಎಳೆದು, “ಅಗೋ ನೋಡು, ನನ್ ಒಲೆ” ಅಂದಳು. ಅವಳ ಮುಖದಲ್ಲಿ ಸಂತೋಷವಿತ್ತು.

ಆಗ ಊರಿನ ಹಿರಿಯರು ನಡುವೆ ಬಂದರು. ನಮ್ಮ ಕಡೆ ಕೋರ್ಟಿಗೆ ಹೋದರೂ ಕೊನೆಯ ಮಾತು ಊರಮ್ಮನ ಗುಡಿಯಲ್ಲೇ. ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಮ್ಮನ ಮುಂದೆ ಹಚ್ಚಿದ ದೀಪವನ್ನು ಕೈಯಿಂದ ಆರಿಸಿ ಆಣೆ ಮಾಡಬೇಕು. ಹೇಳಿದ ಮಾತು ಸುಳ್ಳಾದರೆ ಹೇಳಿದವನ ಮನೆಯ ದೀಪವೂ ಹೀಗೇ ಆರುತ್ತದೆ. ಅಪ್ಪ ‘ಆ ಮನೆ ನಂದಲ್ಲ’ ಅಂತ ಅಷ್ಟೇ ಹೇಳಿ ದೀಪ ಆರಿಸಲಿ, ಊರೇ ಸಾಕ್ಷಿ. ಮಗ ಅಳಿಯ ಬಂಗಲೆ ಮಾರಿ ಹಂಚಿಕೊಳ್ಳಲಿ, ಅವರೇ ವಕೀಲರನ್ನಿಟ್ಟು ಅಪ್ಪನನ್ನು ಕೇಸಿನಿಂದ ಬಿಡಿಸಿಕೊಡಲಿ ಅಂತ ಹಿರಿಯರು ಒಪ್ಪಿಸಿದರು. ಮಗ ಅಳಿಯ ಇಬ್ಬರೂ ಹೂಂ ಅಂದರು. ಅವರ ಹೂಂ ಎಷ್ಟರದು ಅನ್ನುವುದು ಬೇರೆ ಮಾತು. ಆದರೆ ಅಪ್ಪನ ಮುಖ ಬಹಳ ಕಾಲದ ಮೇಲೆ ಹಗುರಾಯಿತು. “ನಂದಲ್ಲ ಅನ್ನಕ್ಕೆ ನಂಗೇನ್ ಕಷ್ಟ? ನಂದಲ್ಲವಲ್ಲ. ಕೊಡು ಅಂತ ಸಾಯೇಬ್ರು ಏಳಿಲ್ಲ ದಿಟ, ನಿಂದು ಅನ್ಕೊ ಅಂತ್ಲೂ ಏಳಿಲ್ಲ” ಅಂದ.

ಗುಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಅಪ್ಪ ಕೊಳದಲ್ಲಿ ಮುಳುಗಿ ಬಂದು ನಿಂತ. ಅವ್ವನೂ ನೀರು ಸುರಿಯುವ ಸೀರೆಯಲ್ಲಿ ಬಂದು ನಿಂತಳು. ಪೂಜಾರಿ ದೀಪ ತಂದು ಮುಂದಿಟ್ಟ. ಅಪ್ಪ ಕೈ ಚಾಚಿದ. ಅವ್ವ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದುಕೊಂಡಳು.

“ಬ್ಯಾಡಿ.”

“ಯಾಕ್ಲೇ?”

“ಬೆಂಕಿ ಮುಂದೆ ಈ ಮನೆ ನಮ್ದು ಅಂತ ನಾನ್ ಏಳಿವ್ನಿ. ಆಲು ಉಕ್ಸಿವ್ನಿ. ಈಗ ದೀಪದ ಮುಂದೆ ನಮ್ದಲ್ಲ ಅನ್ಬೇಕಾ? ಎರ್ಡ್ರಲ್ಲಿ ಒಂದ್ ಸುಳ್ಳಾಯ್ತದೆ. ನನ್ ಮನೆ ದೀಪ ಆರೋಯ್ತದೆ.”

ಹಿರಿಯರು ಬೈದರು. ಅಪ್ಪ ಬೇಡಿಕೊಂಡ. ನಾನು ಗುಂಪು ಸೀಳಿಕೊಂಡು ಹೋಗಿ, ಅದು ಬರೀ ನಾಟಕ ಕಣವ್ವ, ಫೋಟೋಗೋಸ್ಕರ ನಿನ್ನ ಕೂರಿಸಿದ್ದು, ಅವರು ಯಾರೂ ಅದನ್ನು ನಂಬಿರಲಿಲ್ಲ ಅಂದೆ. ಅವ್ವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಅವ್ರು ನಾಟ್ಕ ಆಡ್ಲಿ. ನಾನು ಆಡಿಲ್ಲ” ಅಂದಳು. ದೀಪ ಉರಿಯುತ್ತಲೇ ಇತ್ತು. ಜನ ಚದುರಿದರು. ಮಗನ ಕಾರು ಒಂದು ಕಡೆ, ಅಳಿಯನ ಕಾರು ಒಂದು ಕಡೆ ಹೋದವು.

ಇಷ್ಟಕ್ಕೇ ನಿಂತಿದ್ದರೂ ಏನೋ ಒಂದು ದಾರಿಯಾಗುತ್ತಿತ್ತೇನೋ. ತನಿಖೆಯವರು ನಮ್ಮ ಮನೆಗೇ ಬಂದರು. ಅಪ್ಪನನ್ನು ಕೂರಿಸಿಕೊಂಡು ಆ ಕರೀ ಕಲೆಯ ಬಗ್ಗೆಯೇ ಕೆದಕಿದರು, ಏನು ಸುಟ್ಟೆ, ಯಾವ ಕಾಗದ ಅಂತ. “ಆಲು ಕಾಸಿದ್ದು ಸಾ” ಅಂತ ಅಪ್ಪ ಎಷ್ಟು ಸಲ ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಅವ್ವನನ್ನು ಕರೆದರು. ಅವ್ವ ನೆಟ್ಟಗೆ ನಿಂತು, ಇಟ್ಟಿಗೆ ತಂದದ್ದು, ಗರಿ ಹಚ್ಚಿದ್ದು, ಹಾಲು ಪೂರ್ವಕ್ಕೆ ಚೆಲ್ಲಿದ್ದು, ಈ ಮನೆ ನಮ್ಮನೆ ಅಂದದ್ದು, ಶುಕ್ರವಾರದ ಹಣತೆ, ಒಂದನ್ನೂ ಬಿಡದೆ ಹೇಳಿದಳು. ಬಂದವರಲ್ಲಿ ಒಬ್ಬರು ಕನ್ನಡ ಚೆನ್ನಾಗಿ ಬಲ್ಲ ಹೆಂಗಸು. ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಒಮ್ಮೆ ಪೆನ್ನು ನಿಲ್ಲಿಸಿ, “ಯೋಚನೆ ಮಾಡಿ ಹೇಳಿ ಅಮ್ಮ” ಅಂದರು. ಅವ್ವನಿಗೆ ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಕಾಣಲಿಲ್ಲ.

ನಮ್ಮ ವಕೀಲರು ಆಮೇಲೆ ತಲೆ ಚಚ್ಚಿಕೊಂಡರು. ಸಹಿ ಮೋಸದಿಂದ ಹಾಕಿಸಿಕೊಂಡರು ಅನ್ನಬಹುದಿತ್ತು, ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಅನ್ನಬಹುದಿತ್ತು. ಈಗ ಹೆಂಡತಿಯೇ, ನಾವು ಮನೆ ಹೊಕ್ಕು ನಮ್ಮದು ಅಂತ ಒಪ್ಪಿಕೊಂಡೆವು ಅಂದುಬಿಟ್ಟಿದ್ದಾಳೆ. ಅಷ್ಟು ದೊಡ್ಡ ಮನೆ ಕಟ್ಟಿಸಲು ಅಡುಗೆಯವನಿಗೆ ದುಡ್ಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಅಪ್ಪ. ಮಗ ಅಳಿಯ ಇಬ್ಬರೂ ಒಂದೇ ವಾರದಲ್ಲಿ, ನಮ್ಮ ತಂದೆಯ ಒಳ್ಳೆಯತನವನ್ನು ಅಡುಗೆಯವನು ದುರುಪಯೋಗ ಮಾಡಿಕೊಂಡ ಅಂತ ಹೇಳಿಕೆ ಕೊಟ್ಟರು. ಅವರಿಬ್ಬರೂ ಒಂದೇ ಮಾತಾಡಿದ್ದು ಅದೊಂದೇ ಸಲ.

ಅಪ್ಪನ ಹೆಸರಿನಲ್ಲಿದ್ದ ಎಲ್ಲವೂ ಜಪ್ತಿಯಾಯಿತು. ಬಂಗಲೆಗೆ ಬೀಗ ಬಿತ್ತು. ನಮ್ಮ ತಾತ ಕಟ್ಟಿಸಿದ ಹೆಂಚಿನ ಮನೆಯೂ, ಅದರ ಹಿಂದಿನ ತುಂಡು ಗದ್ದೆಯೂ ಅಪ್ಪನ ಹೆಸರಿನಲ್ಲೇ ಇದ್ದವು. ಬಾಗಿಲ ಮೇಲೆ ಕಾಗದ ಅಂಟಿಸಿ ಹೋದರು. ಸದ್ಯಕ್ಕೆ ಇರಬಹುದು, ಎಬ್ಬಿಸಿದ ದಿನ ಏಳಬೇಕು. ಮಂಡ್ಯದಲ್ಲಿ ನನ್ನ ಗಂಡನ ಮನೆಗೆ ಬಂದುಬಿಡಿ ಅಂತ ಎಷ್ಟು ಕರೆದರೂ ಇಬ್ಬರೂ ಬರಲಿಲ್ಲ. ಅವ್ವ ಆ ಕಾಗದಕ್ಕೆ ನೀರು ತಾಗದ ಹಾಗೆ ಬಾಗಿಲು ತೊಳೆಯುತ್ತಿದ್ದಳು.

ಅಪ್ಪ ಮತ್ತೆ ಸೌಟು ಹಿಡಿದ. ಮೊದಲಿನ ಹಾಗೆ ಕರೆಯುವವರು ಇರಲಿಲ್ಲ. ಅರಮನೆ ಇರುವವನು ನಮ್ಮ ಮನೆಯಲ್ಲಿ ಬೇಯಿಸುತ್ತಾನಾ ಅಂತ ಮುಖದ ಮೇಲೇ ಹಂಗಿಸಿದವರಿದ್ದಾರೆ. ಮಳವಳ್ಳಿ ಕಡೆಯ ಒಂದು ಬೀಗರೂಟಕ್ಕೆ ಅಂತೂ ಯಾರೋ ಹಳೆಯ ಪರಿಚಯದವರು ಕರೆದರು. ಮಸಾಲೆ ಹುರಿಯುತ್ತಿದ್ದವನು ಒಲೆಯ ಪಕ್ಕಕ್ಕೆ ಒರಗಿದವನು ಏಳಲಿಲ್ಲ. ಮಂಡ್ಯದ ಆಸ್ಪತ್ರೆಗೆ ತರುವಷ್ಟರಲ್ಲಿ ಮಾತು ನಿಂತಿತ್ತು. ನಾನು ಶಾಲೆಯಿಂದ ಓಡಿ ಬಂದೆ. ಅಪ್ಪನ ಕೈಯಲ್ಲಿ ಧನಿಯದ ವಾಸನೆ ಇನ್ನೂ ಇತ್ತು. ಆ ಕೈ ಹಿಡಿದುಕೊಂಡೇ ಕೂತಿದ್ದೆ. ಸಂಜೆಗೆ ಮುಗಿಯಿತು.

ಮಣ್ಣಿಗೆ ಸಾಹೇಬರ ಮಗನೂ ಬಂದ, ಅಳಿಯನೂ ಬಂದ. ಇಬ್ಬರೂ ಆಳುದ್ದದ ಹಾರ ತಂದಿದ್ದರು, ಇಬ್ಬರ ಜೊತೆಗೂ ಫೋಟೋದವರಿದ್ದರು. ಊರ ಬಾಗಿಲಲ್ಲಿ ಎರಡು ಫ್ಲೆಕ್ಸು ಎದ್ದು ನಿಂತವು. ಎರಡರಲ್ಲೂ ಮೇಲೆ ಸಾಹೇಬರ ನಗುಮುಖ, ಕೆಳಗೆ ಅಪ್ಪ, ನಿಷ್ಠಾವಂತ ಸೇವಕನಿಗೆ ಕಂಬನಿ ಅಂತ ಬರಹ. ಎರಡಕ್ಕೂ ಒಂದೇ ಫೋಟೋ ಸಿಕ್ಕಿತ್ತು. ಮೂಲ ಫೋಟೋದಲ್ಲಿ ಅಪ್ಪನ ಕೈಯಲ್ಲಿ ಸೌಟಿತ್ತು, ಅದನ್ನು ಕತ್ತರಿಸಿ ತೆಗೆದಿದ್ದರು. ನಾನು ಫ್ಲೆಕ್ಸು ಹರಿಯಲು ಹೋದೆ. ಗಂಡ ನನ್ನನ್ನು ಹಿಡಿದುಕೊಂಡ. ಇಂಥ ಹೊತ್ತಿನಲ್ಲಿ ಬೇಡ ಅಂದ.

ತಿಥಿ ಕಳೆದ ಮೇಲೆ ಬೆಂಗಳೂರಿನ ಕೋರ್ಟಿನಿಂದ ಸಮನ್ಸ್ ಬಂತು. ಸತ್ತವನ ಜಾಗಕ್ಕೆ ವಾರಸುದಾರರು ಬರಬೇಕು. ಅವ್ವನ ಹೆಸರು, ಅದರ ಕೆಳಗೆ ನನ್ನ ಹೆಸರು. ಅವ್ವ ಓದಲಾರಳು. ಓದಿ ಹೇಳಿದೆ. “ನಿನ್ ಎಸ್ರು ಯಾಕ್ ಬಂತು?” ಅಂದಳು. ಮಗಳು ಅಂತ ಬಂತು ಅಂದೆ. “ನೀನ್ ಆ ಮನೆ ಒಸ್ಲು ದಾಟಿಲ್ವಲ್ಲ” ಅಂದಳು. ಕಾನೂನಿಗೆ ಹೊಸಿಲು ಬೇಕಾಗಿಲ್ಲ ಅಂತ ವಿವರಿಸಿದೆ. ಅವ್ವ ಎದ್ದು ಹಿತ್ತಿಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬಂದಳು. ಒದ್ದೆ ಸೀರೆಯಲ್ಲೇ ನನ್ನ ಕೈ ಹಿಡಿದು ಗುಡಿಗೆ ಎಳೆದುಕೊಂಡು ಹೋದಳು.

ಮಟಮಟ ಮಧ್ಯಾಹ್ನ. ಗುಡಿಯಲ್ಲಿ ಪೂಜಾರಿ ಒಬ್ಬನೇ ಇದ್ದ. ಸಾವಾದ ಮನೆಯವರು, ಒದ್ದೆ ಬಟ್ಟೆ, ಅವನು ಗಾಬರಿಯಾದ. ದೀಪ ಇಡು ಅಂದಳು ಅವ್ವ. “ಈಗ್ಯಾಕಕ್ಕ? ಯಾರೂ ಕೇಳ್ತಿಲ್ವಲ್ಲ” ಅಂದ ಅವನು.

“ಅವತ್ತು ನಮ್ಮನೆ ದೀಪ ಆರ್ತದೆ ಅಂತ ಅವ್ರ್ ಕೈ ಇಡ್ಕಂಡೆ. ಇಡ್ಕಂಡ್ರೂ ಆರೋಯ್ತು” ಅಂದಳು ಅವ್ವ. “ಇವ್ಳೊಬ್ಳು ಉಳ್ದವ್ಳೆ. ಇಡಪ್ಪ ದೀಪ.”

ಪೂಜಾರಿ ಇಟ್ಟ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಅವ್ವನ ಕೈ ದೀಪದ ಹತ್ತಿರ ಹೋದಾಗ ನನಗೆ ಭಯವಾಯಿತು. ಬೇಡವ್ವ ಅನ್ನಬೇಕು ಅನ್ನಿಸಿತು. ಅವ್ವ ಊರಮ್ಮನ ಮುಖ ನೋಡುತ್ತಾ ಹೇಳಿದಳು: “ಆ ಮನೆಗೆ ಅವ್ರು ಸೈನ್ ಆಕವ್ರೆ. ನಾನು ಆಲು ಉಕ್ಸಿವ್ನಿ. ನನ್ ಮಗಳು ಏನೂ ಮಾಡಿಲ್ಲ. ಆ ಮನೆ ನನ್ ಮಗಳ್ದಲ್ಲ.” ಅಂಗೈಯನ್ನು ಒತ್ತಿ ದೀಪ ಆರಿಸಿದಳು. ಸುಟ್ಟಿರಬೇಕು, ಕೈ ಹಿಂದೆಳೆಯಲಿಲ್ಲ.

ಕೋರ್ಟಿಗೆ ಇಬ್ಬರೂ ಮದ್ದೂರಿನಲ್ಲಿ ರೈಲು ಹತ್ತಿ ಹೋದೆವು. ಅವ್ವನ ಅಂಗೈಗೆ ಬಟ್ಟೆ ಕಟ್ಟಿತ್ತು. ಬೆಂಚಿನ ಮೇಲೆ ಕೂತು ಕಾದೆವು. ಬಾಗಿಲಲ್ಲಿ ನಿಂತವನು ಅಪ್ಪನ ಹೆಸರು ಕೂಗಿ, ಮೃತ ಅಂದು, ಅವ್ವನ ಹೆಸರು ಕೂಗಿ, ಆಮೇಲೆ ನನ್ನ ಹೆಸರು ಕೂಗಿದ. ನಾನು ಎದ್ದು ನಿಂತೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು.

“ನಿಂದಲ್ಲ ಅಂತ ಏಳಿವ್ನಿ. ಯಾಕ್ ಎದ್ದೆ? ಕುಂತ್ಕೊ.”

ಅವನು ಇನ್ನೊಂದು ಸಲ ಕೂಗಿದ. ನಾನು ಸೆರಗು ಬಿಡಿಸಿಕೊಂಡು ಒಳಗೆ ಹೋದೆ.